ಹನ್ನೊಂದನೆಯ ಕಾಲಮ್ಮು

ಗೋಡೆಯನ್ನು ಕುಟ್ಟಿದರೆ ಶಬ್ದ ಬರುತ್ತದೆ. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಆದರೆ ನಾವು ಕುಟ್ಟಿ ಸುಮ್ಮನಾದ ಮೇಲೆ ಗೋಡೆಯೇ ತಿರುಗಿ ಕುಟ್ಟಿದರೆ ಅದನ್ನು ರಿಪೋರ್ಟಿನ ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಈ ಪ್ರಶ್ನೆಯ ಹಿಂದೆ ಬಿದ್ದು ನಮ್ಮ ಭಾವ ಮೂರೇ ದಿನಕ್ಕೆ ಎರಡು ಕೆ.ಜಿ. ಇಳಿದರು. ಆ ಇಡೀ ಪ್ರಕರಣದಲ್ಲಿ ನಮ್ಮಕ್ಕನಿಗೆ ಸಂತೋಷ ಕೊಟ್ಟ ಸಂಗತಿ ಅದೊಂದೇ.

ಭಾವ ಓವರ್ಸಿಯರ್ ಆಗಿ ನಿವೃತ್ತರಾದವರು. ಹಳೇ ಮನೆ ಕೊಳ್ಳುವವರು ಕೊಳ್ಳುವ ಮೊದಲು ಅವರನ್ನು ಕರೆಸಿ ತೋರಿಸುತ್ತಾರೆ. ಅಂಗೈಯಗಲದ ಒಂದು ಸುತ್ತಿಗೆ ಹಿಡಿದು, ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಮೂರು ಸಲ ಕುಟ್ಟುತ್ತಾರೆ. ಆಮೇಲೆ “ಗಟ್ಟಿ” ಅಥವಾ “ಪೊಳ್ಳು” ಅನ್ನುತ್ತಾರೆ. ಎರಡಕ್ಕೂ ಅವರ ಮುಖ ಒಂದೇ ಥರ ಇರುವುದರಿಂದ ಮನೆ ಮಾರುವವರಿಗೆ ಜೀವ ಬಾಯಿಗೆ ಬಂದಿರುತ್ತದೆ.

ನಾನು ಅವರ ಹೆಂಡತಿಯ ತಮ್ಮ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ಬಂದವನಿಗೆ ಮನೆಯಲ್ಲಿ ಕೂತರೆ ಕೈ ತುರಿಸುತ್ತದೆ ಎಂದು ಅಕ್ಕನೇ ನನ್ನನ್ನು ಈ ಕೆಲಸಕ್ಕೆ ಹಚ್ಚಿದಳು. ಅಳತೆ ಟೇಪಿನ ಆ ತುದಿ ಹಿಡಿಯುವುದು ಒಂದು ಕೆಲಸ, ರಿಪೋರ್ಟು ಬರೆಯುವುದು ಇನ್ನೊಂದು. ರಿಪೋರ್ಟಿನ ಫಾರಮ್ಮಿನಲ್ಲಿ ಹನ್ನೊಂದು ಕಾಲಮ್ಮುಗಳಿವೆ. ಪಾಯ, ಗೋಡೆ, ಸೂರು, ತೇವ ಎಂದು ಶುರುವಾಗಿ ಹನ್ನೊಂದನೆಯದಕ್ಕೆ ಬರುವಾಗ ‘ಇತರೆ’ ಆಗುತ್ತದೆ. ಏಳು ವರ್ಷಗಳಿಂದ ನಾನು ಅಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದೇನೆ. ಎಷ್ಟು ಅಭ್ಯಾಸವಾಗಿದೆ ಎಂದರೆ, ಮೊದಲು ಅದನ್ನು ಬರೆದಿಟ್ಟುಕೊಂಡೇ ನಾವು ಮನೆ ನೋಡಲು ಹೊರಡುವುದು.

ಭಾವನ ಬಾಗಿಲಲ್ಲಿ ಒಂದು ಬೋರ್ಡಿದೆ. ‘ಇದ್ದದ್ದನ್ನು ಇದ್ದ ಹಾಗೆ ಹೇಳಲಾಗುವುದು.’ ಇದನ್ನು ಬರೆಸಿದ ಮೊದಲ ವರ್ಷವೇ ಅನಾಹುತವಾಯಿತು. ಒಬ್ಬ ಹಲ್ಲಿನ ಡಾಕ್ಟರು ಅಡುಗೆಮನೆಯ ಗೋಡೆ ತೋರಿಸಿ ಈ ತೇವ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಭಾವ ತೇವದ ಜಾಡು ಹಿಡಿದು ಮೇಲೆ ಹೋದರು. ಅಲ್ಲಿ ಡಾಕ್ಟರ ಅತ್ತೆ ದಿನಕ್ಕೆ ಮೂರು ಸಲ ಸ್ನಾನ ಮಾಡುವುದನ್ನೂ, ಸ್ನಾನ ಮಾಡುತ್ತ ಅಳಿಯನನ್ನು ಬೈಯುವುದನ್ನೂ, ಬೈದ ಮಾತುಗಳನ್ನೂ ನಾಲ್ಕನೆಯ ಕಾಲಮ್ಮಿನಲ್ಲಿ ನನ್ನಿಂದ ಬರೆಸಿದರು. ತೇವ ಈಗಲೂ ಹಾಗೇ ಇದೆ. ಅತ್ತೆ ಮಾತ್ರ ಅಲ್ಲಿಲ್ಲ.

“ಗೋಡೆ ನೋಡೋಕೆ ಕರೆದ್ರೆ ಗೋಡೆ ನೋಡಿ ಬನ್ನಿ,” ಎಂದಳು ಅಕ್ಕ. “ಜನರ ಗುಟ್ಟೆಲ್ಲ ನಿಮಗ್ಯಾಕೆ?”

ಭಾವ ಒಂದು ವಾರ ಯೋಚಿಸಿ ಬೋರ್ಡಿಗೆ ಎರಡನೆಯ ಸಾಲು ಸೇರಿಸಲು ಪೇಂಟರನ್ನು ಕರೆಸಿದರು. ‘ಎಲ್ಲರ ಗುಟ್ಟನ್ನೂ ಕಾಪಾಡಲಾಗುವುದು.’

ಪೇಂಟರು ಕುಂಚ ಎತ್ತಿಕೊಂಡು ಬಹಳ ಹೊತ್ತು ನಿಂತ. “ಸಾರ್, ಎರಡೂ ಒಂದೇ ಬೋರ್ಡಲ್ಲಿ ಬೇಕಾ?”

“ಯಾಕಯ್ಯಾ, ಜಾಗ ಸಾಲಲ್ವಾ?”

“ಜಾಗ ಇದೆ ಸಾರ್,” ಎಂದ ಪೇಂಟರು, ಮತ್ತೇನೂ ಹೇಳದೆ ಬರೆದು ಹೋದ. ಈ ಊರಿನ ತಿಳಿವಳಿಕಸ್ಥರಲ್ಲಿ ಅವನೊಬ್ಬ ಎಂದು ನನಗೆ ಆಮೇಲೆ ಗೊತ್ತಾಯಿತು.

ಆ ಬುಧವಾರ ನಮ್ಮನ್ನು ಕರೆಸಿದವರು ಕನ್ನಡಕದ ಅಂಗಡಿಯವರು ಮತ್ತು ಅವರ ಹೆಂಡತಿ. ಅವರು ಕೊಳ್ಳಬೇಕೆಂದಿದ್ದದ್ದು ಟೈಪಿಂಗ್ ಮೇಡಂ ಅವರ ಮನೆ. ಒಂದಕ್ಕೊಂದು ಅಂಟಿಕೊಂಡು ನಿಂತ ಮನೆಗಳ ಸಾಲಿನಲ್ಲಿ ಅದೊಂದು ಇಕ್ಕಟ್ಟಾದ ಎರಡಂತಸ್ತಿನ ಮನೆ. ಮೇಡಂ ಒಂದು ಕಾಲಕ್ಕೆ ಮೇಲಂತಸ್ತಿನಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಈಗ ಮಂಡಿ ಸವೆದು ಮೆಟ್ಟಿಲು ಹತ್ತಲಾಗದೆ, ಮನೆ ಮಾರಿ ತಂಗಿಯ ಮನೆಗೆ ಹೋಗಿ ಇರುವವರಿದ್ದರು. ಆ ದಿನ ಡಾಕ್ಟರ ಹತ್ತಿರ ಹೋಗಿದ್ದರಿಂದ ಬೀಗದ ಕೈಯನ್ನು ಎದುರಿನ ಇಸ್ತ್ರಿ ಅಂಗಡಿಯಲ್ಲಿ ಬಿಟ್ಟಿದ್ದರು.

ಗಂಡ ಹೆಂಡತಿ ಕೆಳಗೆ ಕಪಾಟು ಎಲ್ಲಿ ಇಡುವುದೆಂದು ಜಗಳಕ್ಕೆ ನಿಂತರು. ನಾವು ಮೇಲೆ ಹೋದೆವು. ಉದ್ದನೆಯ ಕೋಣೆ, ಒಂದೇ ಕಿಟಕಿ, ಅದೂ ಬೀದಿಯ ಕಡೆಗೆ. ಮೋಡ ಕವಿದಿದ್ದರಿಂದ ಬೆಳಕು ಕೋಣೆಯ ಅರ್ಧಕ್ಕೆ ಬಂದು ನಿಂತಿತ್ತು. ಇನ್ನರ್ಧದಲ್ಲಿ ಆರು ಟೈಪ್‌ರೈಟರುಗಳು ಬಿಳಿ ಬಟ್ಟೆ ಹೊದ್ದು ಸಾಲಾಗಿ ಕೂತಿದ್ದವು. ಬೇರೆಲ್ಲಾ ಸಾಮಾನು ಖಾಲಿಯಾಗಿದ್ದರಿಂದ ನಾನು ಕೆಮ್ಮಿದರೆ ಬೇರೆ ಯಾರೋ ಕೆಮ್ಮಿದ ಹಾಗೆ ಕೇಳುತ್ತಿತ್ತು.

ಭಾವ ನಕ್ಷೆ ಬಿಡಿಸಿದರು. “ಹಿಂಬದಿ ಗೋಡೆ. ಅದರಾಚೆ ಓಣಿ, ಓಣಿಯಾಚೆ ಬಯಲು. ಹಿಡಿ ಟೇಪು.”

ಹಿಡಿದೆ. ಕೆಳಗೆಲ್ಲೋ ಗಡಿಯಾರ ನಾಲ್ಕು ಹೊಡೆಯಿತು. ಭಾವ ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಮೂರು ಸಲ ಕುಟ್ಟಿದರು. ಟಕ್, ಟಕ್, ಟಕ್.

“ಗಟ್ಟಿ” ಅನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಗೋಡೆಯೊಳಗಿಂದ ಬಂತು. ಟಕ್, ಟಕ್, ಟಕ್. ಆಮೇಲೆ ಒಂದು ಕ್ಷಣ ಬಿಟ್ಟು ಇನ್ನೊಂದು. ಟಕ್.

ಭಾವ ಕಣ್ಣು ತೆರೆದರು. ಕೆಲಸದ ನಡುವೆ ಅವರು ಕಣ್ಣು ತೆರೆದದ್ದನ್ನು ನಾನು ಏಳು ವರ್ಷದಲ್ಲಿ ನೋಡಿರಲಿಲ್ಲ.

“ಪ್ರತಿಧ್ವನಿ,” ಎಂದರು.

“ಭಾವ, ನೀವು ಮೂರು ಕುಟ್ಟಿದ್ರಿ. ವಾಪಸ್ ನಾಲ್ಕು ಬಂತು.”

“ಹಳೇ ಗೋಡೆಗಳಲ್ಲಿ ಒಂದೊಂದು ಸಲ...” ಎಂದು ಅವರು ವಾಕ್ಯ ಮುಗಿಸದೆ, ಈ ಸಲ ಎರಡೇ ಎರಡು ಕುಟ್ಟಿದರು. ಗೋಡೆ ಸ್ವಲ್ಪ ಹೊತ್ತು ಯೋಚಿಸಿದ ಹಾಗಿತ್ತು. ಆಮೇಲೆ ಮೂರು. ಆಮೇಲೆ ಒಂದು.

ನಾನು ನಕ್ಷೆ ನೋಡಿದೆ. ನಾವು ನಿಂತದ್ದು ಮೇಲಂತಸ್ತಿನಲ್ಲಿ. ನಕ್ಷೆಯ ಪ್ರಕಾರ ಗೋಡೆಯಾಚೆ, ನೆಲದಿಂದ ಹನ್ನೆರಡು ಅಡಿ ಮೇಲೆ, ಬರೀ ಗಾಳಿ. ಆ ಗಾಳಿಯಲ್ಲಿ ನಿಂತು ಯಾರೋ ನಮಗೆ ಉತ್ತರ ಕೊಡುತ್ತಿದ್ದರು. ನನ್ನ ಕೈಯಿಂದ ಟೇಪು ಜಾರಿ, ಸರ್ರನೆ ಸುತ್ತಿಕೊಳ್ಳುತ್ತ ಹೋಗಿ, ಕೊನೆಯ ಟೈಪ್‌ರೈಟರಿಗೆ ಬಡಿಯಿತು. ಬಟ್ಟೆಯೊಳಗಿಂದ ಅದು ‘ಟಿಂಗ್’ ಎಂದಿತು.

ಆಮೇಲೆ ಮೆಟ್ಟಿಲಲ್ಲಿ ಯಾರು ಮೊದಲು ಇಳಿದರು ಎಂಬ ಬಗ್ಗೆ ನನಗೂ ಭಾವನಿಗೂ ಇವತ್ತಿಗೂ ಭಿನ್ನಾಭಿಪ್ರಾಯವಿದೆ.

ಕೆಳಗೆ ಕನ್ನಡಕದವರು ದಂಗಾಗಿ ನಿಂತಿದ್ದರು. “ಏನಾಯ್ತು ಓವರ್ಸಿಯರ್ ಸಾಹೇಬ್ರೇ? ಸುತ್ತಿಗೆ ಎಲ್ಲಿ?”

ಇಲ್ಲಿ ಭಾವ ‘ಹಿಂಬದಿಯಲ್ಲಿ ಏನೋ ಶಬ್ದ ಬರುತ್ತಿದೆ, ವಿಚಾರಿಸಿ ಹೇಳುತ್ತೇನೆ’ ಅನ್ನಬಹುದಿತ್ತು. ಬೇರೆ ಯಾರೇ ಆಗಿದ್ದರೂ ಅನ್ನುತ್ತಿದ್ದರು. ಆದರೆ ಅವರಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಬೋರ್ಡಿನ ಎರಡನೆಯ ಸಾಲು. ಕೊರಳಪಟ್ಟಿ ಸರಿಮಾಡಿಕೊಂಡು, ಕಣ್ಣು ಮುಚ್ಚಿ, “ಅದನ್ನ ನಾನು ಹೇಳೋ ಹಾಗಿಲ್ಲ,” ಎಂದರು.

ಕನ್ನಡಕದವರ ಹೆಂಡತಿ ಎರಡು ಹೆಜ್ಜೆಯಲ್ಲಿ ಬೀದಿಗೆ ಇಳಿದಿದ್ದರು.

ನಾವಿಬ್ಬರು ಓಡಿ ಬಂದದ್ದನ್ನು ಇಸ್ತ್ರಿಯವನು ನೋಡಿದ್ದ. ಅವನು ಒಂದು ಅಂಗಿ ಮಡಿಸುವಷ್ಟರಲ್ಲಿ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಸಂಜೆಗೆ ಕ್ಷೌರದಂಗಡಿಯಲ್ಲಿ ಆ ಗೋಡೆಯೊಳಗೆ ಟೈಪಿಂಗ್ ಪರೀಕ್ಷೆಯಲ್ಲಿ ಫೇಲಾದ ಒಬ್ಬ ಹುಡುಗನಿದ್ದಾನೆ ಎಂದಾಯಿತು. ಮರುದಿನಕ್ಕೆ ಅವನು ಒಳಗೆ ಕೂತು ಟೈಪ್ ಮಾಡತೊಡಗಿದ್ದ.

“ಏನು ಟೈಪ್ ಮಾಡ್ತಾನಂತೆ?”

“ಅರ್ಜಿ.”

“ಯಾರಿಗೆ?”

“ಅದನ್ನ ಓವರ್ಸಿಯರ್ ಹೇಳಲ್ಲ ಅಂತಿದ್ದಾರೆ. ಅಂದ್ರೆ ನೀವೇ ಯೋಚನೆ ಮಾಡಿ.”

ಜನ ಭಾವನನ್ನೇ ಕೇಳಲು ಬಂದರು. “ಅಲ್ಲಿ ಏನೂ ಇಲ್ಲ ಅಂತ ಒಂದು ಮಾತು ಹೇಳಿಬಿಡಿ, ಸಾಕು,” ಎಂದರು ಪಕ್ಕದ ಮನೆಯಾಕೆ. ಏನೂ ಇಲ್ಲವೆಂದು ಹೇಳಲು ಬೋರ್ಡಿನ ಮೊದಲ ಸಾಲು ಬಿಡಲಿಲ್ಲ. ಇದೆ ಎಂದು ಹೇಳಲು ಎರಡನೆಯ ಸಾಲು ಬಿಡಲಿಲ್ಲ. ಭಾವ ಕೇಳಿದವರಿಗೆಲ್ಲ ಕಣ್ಣು ಮುಚ್ಚಿ ತಲೆಯಾಡಿಸಿದರು. ಮಾತಿಗಿಂತ ಆ ಮುಚ್ಚಿದ ಕಣ್ಣು ಹೆಚ್ಚು ಹಾಳು ಮಾಡಿತು. ಗುರುವಾರ ಬೆಳಗ್ಗೆಯಿಂದ ಹಾಲಿನವನು ಮೇಡಂ ಅವರ ಹಾಲನ್ನು ಬೀದಿಯ ಆಚೆ ಬದಿಯಲ್ಲೇ ಇಟ್ಟು ಹೋಗತೊಡಗಿದ. ಸವೆದ ಮಂಡಿಯ ಆ ಹೆಂಗಸು ಗೋಡೆ ಹಿಡಿದು, ಕೋಲು ಊರಿ, ಬೀದಿ ದಾಟಿ ಹಾಲು ತರುವುದನ್ನು ನಾನು ಕಣ್ಣಾರೆ ಕಂಡೆ. ನನಗೆ ಬಹಳ ಬೇಸರವಾಯಿತು.

ಅವತ್ತೇ ಕನ್ನಡಕದವರು ಬಂದು ನೇರವಾಗಿ ಹೇಳಿದರು. “ಶನಿವಾರ ಮೂರೂವರೆಗೆ ಆ ಮನೆಗೇ ಬರ್ತೀವಿ. ನೀವು ಓಡಿ ಬಂದ ಹೊತ್ತು ನಾಲ್ಕು ಗಂಟೆ, ಆ ಹೊತ್ತಿಗೆ ಅಲ್ಲೇನಿದೆ ಅಂತ ನಾವೂ ನೋಡ್ಬೇಕು. ರಿಪೋರ್ಟು ಬರಹದಲ್ಲಿ ಬೇಕು. ಕೊಡದಿದ್ರೆ ನಮಗೆ ಮನೆ ಬೇಡ.”

ಓವರ್ಸಿಯರ್ ಹೆದರಿ ಓಡಿ, ಗಿರಾಕಿ ಬೇಡವೆಂದ ಮನೆಯನ್ನು ಇನ್ಯಾರು ಕೊಳ್ಳುತ್ತಾರೆ? ಮೇಡಂ ಆ ಮೆಟ್ಟಿಲುಗಳ ಜೊತೆಯೇ ಉಳಿಯಬೇಕಾಗುತ್ತಿತ್ತು. ಭಾವನಿಗೆ ಇದು ಅರ್ಥವಾಯಿತು. ಊಟ ಬಿಟ್ಟರು.

ಮೊದಲು ಅವರು ಹೋದದ್ದು ನಗರಸಭೆಯ ದಾಖಲೆ ಕೋಣೆಗೆ. ಅಲ್ಲಿನ ಗುಮಾಸ್ತರು ಧೂಳು ಕೊಡವಿ ಕಟ್ಟು ಬಿಚ್ಚಿ ನೋಡಿದರು. “ಹಿಂದೆ ಓಣಿ, ಅದರಾಚೆ ಬಯಲು. ಸರಿಯಾಗೇ ಇದೆಯಲ್ಲ.”

“ಹಾಗಾದ್ರೆ ಕುಟ್ಟಿದ್ದು ಯಾರು?”

“ನಮ್ಮ ದಾಖಲೆ ಪ್ರಕಾರ ಯಾರೂ ಇಲ್ಲ.”

“ನಾನು ಕಿವಿಯಾರೆ ಕೇಳಿದೀನಿ ಸ್ವಾಮಿ.”

“ಇರಬಹುದು. ಆದ್ರೆ ಇಲ್ಲದವರ ಮೇಲೆ ದೂರು ತಗೊಳ್ಳೋಕೆ ಬರಲ್ಲ,” ಎಂದು ಗುಮಾಸ್ತರು ಕಟ್ಟನ್ನು ಮತ್ತೆ ಕಟ್ಟಿದರು. “ಅವರೇ ಬಂದು ನಾನಿದೀನಿ ಅಂತ ಒಂದು ಅರ್ಜಿ ಕೊಡ್ಲಿ, ನೋಡೋಣ.”

ಮನೆಗೆ ಬಂದರೆ ಜಗಲಿಯಲ್ಲಿ ಟೈಪಿಂಗ್ ಮೇಡಂ ಕೂತಿದ್ದರು. ತೊಡೆಯ ಮೇಲೆ ಭಾವನ ಸುತ್ತಿಗೆ.

“ಇದನ್ನ ಬಿಟ್ಟು ಹೋಗಿದ್ರಿ,” ಎಂದರು. ಆಮೇಲೆ ಬೋರ್ಡನ್ನು ಒಮ್ಮೆ ನೋಡಿ, “ಎರಡನೇ ಸಾಲು ನಿಜಾನಾ?” ಎಂದು ಕೇಳಿದರು.

“ಪ್ರಾಣ ಹೋದ್ರೂ ನಿಜ,” ಎಂದರು ಭಾವ. ನಾನು ಎದ್ದು ಹೋಗಲು ನೋಡಿದೆ. “ಅವನು ನನ್ನ ಟೇಪಿನ ತುದಿ. ಅವನಿದ್ರೆ ಪರವಾಗಿಲ್ಲ,” ಎಂದು ಕೂರಿಸಿದರು.

ಮೇಡಂ ಹೇಳಿದ್ದು ಇಷ್ಟು. ಗೋಡೆಯ ಆಚೆ ಬಯಲೂ ಇಲ್ಲ, ಓಣಿಯೂ ಇಲ್ಲ. ಅದೆಲ್ಲ ಮುಚ್ಚಿಹೋಗಿ ಮನೆಗಳಾಗಿ ಎಷ್ಟೋ ವರ್ಷವಾಯಿತು. ಹಿಂದಿನ ಬೀದಿ ದಿಬ್ಬದ ಮೇಲಿದೆ, ಹಾಗಾಗಿ ಗೋಡೆಯಾಚೆಯ ಮನೆಯ ನೆಲ ಇವರ ಮೇಲಂತಸ್ತಿಗೆ ಸಮ. ಅಲ್ಲಿ ರೈಲು ಗಾರ್ಡಾಗಿದ್ದ ಒಬ್ಬ ಅಜ್ಜ ಮಾತು ಬಿದ್ದುಹೋಗಿ ಮಂಚ ಹಿಡಿದಿದ್ದಾರೆ. ಒಂಬತ್ತು ವರ್ಷದ ಹಿಂದೆ ಮೇಡಂ ನಾಲ್ಕು ಗಂಟೆಗೆ ಗೋಡೆಗೆ ಒಂದು ಮೊಳೆ ಹೊಡೆದರು. ಮೂರು ಏಟು. ಆಚೆಯಿಂದ ಮೂರು ಬಂತು, ಆಮೇಲೆ ಒಂದು. ಅವತ್ತಿನಿಂದ ದಿನವೂ ನಾಲ್ಕಕ್ಕೆ.

“ಒಂದ್ಸಲ ಸುತ್ತು ಹಾಕ್ಕೊಂಡು ಹೋಗಿ ನೋಡ್ದೆ,” ಎಂದರು ಮೇಡಂ. “ಮಾವನವರಿಗೆ ಏನೂ ತಿಳಿಯಲ್ಲ, ಪ್ರಜ್ಞೆ ಇಲ್ಲ ಅಂತ ಸೊಸೆ ಹೇಳಿದ್ಲು. ಅವಳ ಬೆನ್ನ ಹಿಂದೆ ಅವರು ನನಗೆ ಒಂದು ಕಣ್ಣು ಹೊಡೆದ್ರು.”

“ಆಂ?”

“ಎಲ್ಲಾ ತಿಳಿಯುತ್ತೆ ಅವರಿಗೆ. ತಿಳಿಯುತ್ತೆ ಅಂತ ಗೊತ್ತಾದ್ರೆ ಮಕ್ಕಳು ಬುದ್ಧಿ ಹೇಳೋಕೆ ಶುರು ಮಾಡ್ತಾರೆ. ಈಗ ಅವರ ಮುಂದೆ ಕೂತು ಎಲ್ಲರೂ ಮನಸ್ಸು ಬಿಚ್ಚಿ ಮಾತಾಡ್ತಾರಲ್ಲ, ಅದೊಂದೇ ಅವರಿಗೆ ಹೊತ್ತು ಹೋಗೋ ದಾರಿ. ದಯವಿಟ್ಟು ಯಾರಿಗೂ ಹೇಳ್ಬೇಡಿ. ನಾನು ಮೇಲೆ ಹತ್ತೋದೇ ಅದಕ್ಕೆ. ಹದಿನಾಲ್ಕು ಮೆಟ್ಟಿಲು, ಒಂದೊಂದರ ಮೇಲೂ ಕೂತ್ಕೊಂಡು ಹತ್ತಬೇಕು.” ಮೇಡಂ ಸುತ್ತಿಗೆಯನ್ನು ಭಾವನ ಕೈಗಿಟ್ಟರು. “ಹೋಗ್ತೀನಿ ಅನ್ನೋದನ್ನ ಹೇಗೆ ಕುಟ್ಟೋದು ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ.”

ಭಾವ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಮೇಡಂ ಹೋದ ಮೇಲೆ ಅವರ ಮುಖದಲ್ಲಿ ದೊಡ್ಡ ಪರದಾಟ ಶುರುವಾಯಿತು. ಭೂತವಿಲ್ಲವೆಂದು ಸಂತೋಷಪಡಬೇಕೋ, ಗೋಡೆ ಬಿಟ್ಟು ಕಾಗದ ನಂಬಿದ ಓವರ್ಸಿಯರ್ ಎಂದು ನಾಚಿಕೊಳ್ಳಬೇಕೋ ತಿಳಿಯದೆ, ಕಡೆಗೆ ನನ್ನನ್ನು ಬೈದರು.

“ನಾಳೆ ಹೋಗಿ ನಾನೇ ನೋಡ್ತೀನಿ,” ಎಂದರು. “ನೋಡದೆ ಬರೆಯೋದು ಒಂದ್ಸಲ ಸಾಕು.”

ಶುಕ್ರವಾರ ಸುತ್ತು ಹಾಕಿ ದಿಬ್ಬ ಹತ್ತಿ ಹಿಂದಿನ ಬೀದಿಗೆ ಹೋದೆವು. ಇಪ್ಪತ್ತು ನಿಮಿಷದ ದಾರಿ. ಈ ಬೀದಿಯವರು ಆ ಬೀದಿಯವರ ಮುಖ ಕೂಡ ನೋಡಿರಲಿಕ್ಕಿಲ್ಲ. ಬಾಗಿಲು ತೆರೆದವಳು ಗಾರ್ಡಜ್ಜನ ಸೊಸೆ. ಕೊರಳಲ್ಲಿ ಹೊಲಿಗೆಯ ಅಳತೆಪಟ್ಟಿ, ಬಾಯಲ್ಲಿ ಗುಂಡುಪಿನ್ನುಗಳು. ಹಿಂಬದಿ ಗೋಡೆ ನೋಡಬೇಕೆಂದಾಗ ಏನೂ ಕೇಳದೆ ಒಳಗೆ ಕರೆದೊಯ್ದಳು.

ಕೋಣೆಯಲ್ಲಿ ಗೋಡೆಗೆ ತಾಗಿದ ಒಂದು ಕಬ್ಬಿಣದ ಮಂಚ. ಹಾಸಿಗೆಯನ್ನು ಸುತ್ತಿ ತಲೆಯ ಕಡೆಗೆ ಇಟ್ಟಿತ್ತು. ಮೊಳೆಗೆ ರೈಲು ಇಲಾಖೆಯ ಕಪ್ಪು ಕೋಟು ನೇತಾಡುತ್ತಿತ್ತು, ಬೆನ್ನು ನಮ್ಮ ಕಡೆಗೆ. ಗೂಡಿನಲ್ಲಿ ಒಂದು ಸ್ಟೀಲು ಚಮಚ. ಆ ಎತ್ತರದಲ್ಲಿ ಗೋಡೆಯ ಸುಣ್ಣ ಒಂದು ರೂಪಾಯಿಯಗಲಕ್ಕೆ ಸವೆದು ಇಟ್ಟಿಗೆ ಕಾಣುತ್ತಿತ್ತು.

“ಗಾರ್ಡ್ ಸಾಹೇಬ್ರು ಎಲ್ಲಮ್ಮ?” ಎಂದರು ಭಾವ.

ಸೊಸೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. “ಹೋಗಿ ನಾಲ್ಕು ತಿಂಗಳಾಯ್ತಲ್ಲ.”

“ಯಾವೂರಿಗೆ?”

ಅವಳು ಭಾವನನ್ನು ಒಂದು ಥರ ನೋಡಿದಳು. ಎರಡು ದಿನದ ಹಿಂದೆ ಇದೇ ಗೋಡೆ ನಮಗೆ ಉತ್ತರ ಕೊಟ್ಟಿತ್ತು. ಭಾವ ಕೋಟಿನ ಬೆನ್ನನ್ನೇ ನೋಡುತ್ತ, ಅದು ತಿರುಗದಿದ್ದರೆ ಸಾಕು ಎಂಬಂತೆ ನಿಂತಿದ್ದರು.

ಆಗ ಗೋಡೆ ಕುಟ್ಟಿತು. ಟಕ್, ಟಕ್, ಟಕ್. ಮೇಡಂ ಹದಿನಾಲ್ಕು ಮೆಟ್ಟಿಲು ಹತ್ತಿದ್ದರು.

ಸೊಸೆ ಹೋಗಿ, ಖಾಲಿ ಮಂಚದ ಅಂಚಿನಲ್ಲಿ ಕೂತು, ಚಮಚ ತೆಗೆದುಕೊಂಡು ಮೂರು ಸಲ ಕುಟ್ಟಿದಳು. ಒಂದು ಉಸಿರು ಬಿಟ್ಟಳು. ಇನ್ನೊಂದು ಕುಟ್ಟಿದಳು. ಚಮಚವನ್ನು ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟಳು.

“ನನಗೆ ಮೊದಲಿಂದ ಗೊತ್ತಿತ್ತು,” ಎಂದಳು. “ಮಾವ ನಾಟಕ ಆಡ್ತಿದಾರೆ ಅಂತ. ಅವರಿಗೆ ಖುಷಿ ಅಂತ ಸುಮ್ನಿದ್ದೆ. ಅವರು ಹೋಗಿ ಹನ್ನೆರಡು ದಿನ ಆಗಿತ್ತು. ಆಚೆ ಆಂಟಿ ತಂಗಿ ಊರಿಂದ ವಾಪಸ್ ಬಂದಿದ್ರು ಅಂತ ಕಾಣುತ್ತೆ. ನಾಲ್ಕಕ್ಕೆ ಮೂರು ಸಲ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು. ಮತ್ತೆ ಬಂತು. ಆ ವಯಸ್ಸಾದವರು ಅಲ್ಲಿ ಕಾಯ್ತಾ ನಿಂತಿದಾರಲ್ಲ ಅಂತ ತಡೆಯೋಕಾಗ್ಲಿಲ್ಲ. ಚಮಚ ಎತ್ತಿಬಿಟ್ಟೆ. ಬುಧವಾರ ಕುಟ್ಟಿದ್ದು ನೀವಾ? ಎರಡೇ ಬಂದಾಗ ಅವರಿಗೆ ಏನೋ ಆಯ್ತು ಅಂತ ಹೆದರಿದ್ದೆ. ಅಣ್ಣಾ, ಆಂಟಿಗೆ ಮಾತ್ರ ಹೇಳ್ಬೇಡಿ.”

ಭಾವ ಎರಡನೆಯ ಸಲ ಎದೆಯ ಮೇಲೆ ಕೈಯಿಟ್ಟರು. ಆ ಮನೆ ಮಾರಾಟಕ್ಕಿದೆ, ಶನಿವಾರ ನಾಲ್ಕಕ್ಕೆ ಎಲ್ಲರೂ ಅಲ್ಲಿ ಸೇರುತ್ತಾರೆ ಎಂದು ಮಾತ್ರ ಹೇಳಿದರು. ಅದು ಊರಿಗೇ ಗೊತ್ತಿದ್ದ ವಿಷಯ, ಗುಟ್ಟಲ್ಲ.

ವಾಪಸ್ ಬರುವಾಗ ಭಾವ ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಆಚೆಯವಳಿಗೆ ಈಚೆಯವರ ವಿಷಯ ಹೇಳುವ ಹಾಗಿಲ್ಲ. ಈಚೆಯವರಿಗೆ ಆಚೆಯವರು ಇಲ್ಲ ಎನ್ನುವ ಹಾಗಿಲ್ಲ. ಗಿರಾಕಿಗೆ ಸುಳ್ಳು ಹೇಳುವ ಹಾಗಿಲ್ಲ. “ನಾನು ಸತ್ಯ ಹೇಳೋದಿಕ್ಕೇ ಫೀಸು ತಗೊಳ್ಳೋನು ಕಣಯ್ಯಾ,” ಎಂದರು ನನ್ನ ಭುಜ ಹಿಡಿದು. ಮನೆಗೆ ಬಂದದ್ದೇ ಕುರ್ಚಿ ಹತ್ತಿ ಬೋರ್ಡಿಗೆ ಒಂದು ಟವೆಲು ಹೊದಿಸಿದರು.

ಶನಿವಾರ ಮೂರೂವರೆಗೆ ನಾವೆಲ್ಲ ಮೇಡಂ ಅವರ ಮೇಲಂತಸ್ತಿನಲ್ಲಿದ್ದೆವು. ಮೇಡಂ ಆಗಲೇ ಹತ್ತಿ ಬಂದು ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಕನ್ನಡಕದವರ ಹೆಂಡತಿ ಬಾಗಿಲಿನ ಹತ್ತಿರವೇ ನಿಂತರು. ಇಸ್ತ್ರಿಯವನು ಬಟ್ಟೆ ಕೊಡುವ ನೆಪದಲ್ಲಿ ಒಂದೇ ಒಂದು ಕರವಸ್ತ್ರ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ.

ಭಾವ ಕನ್ನಡಕದವರನ್ನು ಕಿಟಕಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದರು. ರಾತ್ರಿಯೆಲ್ಲ ಕೂತು ಬಾಯಿಪಾಠ ಮಾಡಿದ ಮಾತುಗಳು. “ನೋಡಿ, ಗೋಡೆ ಗಟ್ಟಿ ಇದೆ. ನಕ್ಷೆ ತಪ್ಪು. ಆಚೆ ಓಣಿ ಇಲ್ಲ, ಮನೆ ಇದೆ. ನಾನು ನೋಡದೆ ಓಡಿದ್ದು ನನ್ನ ತಪ್ಪು, ಅದನ್ನೂ ಬರೆದುಕೊಡ್ತೀನಿ. ದಿನಾ ನಾಲ್ಕು ಗಂಟೆಗೆ ಈ ಗೋಡೆಯಲ್ಲಿ ಶಬ್ದ ಬರುತ್ತೆ. ಮನುಷ್ಯರು ಮಾಡೋ ಶಬ್ದ. ಯಾರು, ಯಾಕೆ ಅಂತ ಕೇಳ್ಬೇಡಿ. ಮನೆಗೆ ಸಂಬಂಧಪಟ್ಟಿದ್ದೆಲ್ಲ ನಿಮಗೆ ಸೇರಿದ್ದು, ಹೇಳಿದೀನಿ. ಮನುಷ್ಯರಿಗೆ ಸಂಬಂಧಪಟ್ಟಿದ್ದು ಅವರಿಗೆ ಸೇರಿದ್ದು.”

ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾನೂ ಕಣ್ಣಿನ ನಂಬರ್ ಹೇಳ್ತೀನಿ ಸಾಹೇಬ್ರೇ. ಕಣ್ಣಲ್ಲಿ ನೀರು ಯಾಕೆ ಬಂತು ಅಂತ ಕೇಳಲ್ಲ. ಇಷ್ಟನ್ನ ಬುಧವಾರವೇ ಹೇಳಬಾರದಿತ್ತಾ?”

ಭಾವ ಕಿಟಕಿಯ ಚೌಕಟ್ಟನ್ನು ಬೆರಳಲ್ಲಿ ಕುಟ್ಟಿ ನೋಡಿದರು. ಆದರೂ ಏಳು ವರ್ಷದಲ್ಲಿ ಮೊದಲ ಸಲ ಒಬ್ಬ ಗಿರಾಕಿ ತಮ್ಮನ್ನು ಗೌರವದಿಂದ ನೋಡಿದ್ದಕ್ಕೆ ಅವರು ಸ್ವಲ್ಪ ಉಬ್ಬಿದರು.

ಆಗ ಇಸ್ತ್ರಿಯವನನ್ನು ಸರಿಸಿಕೊಂಡು ಯಾರೋ ಮೇಲೆ ಬಂದರು. ಗಾರ್ಡಜ್ಜನ ಸೊಸೆ. ದಿಬ್ಬ ಇಳಿದು ಸುತ್ತು ಹಾಕಿ ಬಂದು ಏದುಸಿರು ಬಿಡುತ್ತಿದ್ದಳು. ಯಾರನ್ನೂ ನೋಡದೆ ನೇರ ಮೇಡಂ ಮುಂದೆ ಹೋಗಿ ನಿಂತಳು.

“ಆಂಟಿ, ನೀವು ಹೋಗ್ತೀರಂತೆ. ಅದಕ್ಕೇ ನಾನೇ ಹೇಳಿಬಿಡೋಣ ಅಂತ ಬಂದೆ. ಮಾವ...” ಎಂದು ಶುರುಮಾಡಿದಳು.

“ಗೊತ್ತು ಬಾಮ್ಮ,” ಎಂದರು ಮೇಡಂ.

“ಏನು ಗೊತ್ತು?”

“ಅವರದು ಕಡೇದು ತಡವಾಗಿ ಬರ್ತಿತ್ತು. ಕೈ ಮತ್ತೆ ಎತ್ತಬೇಕಲ್ಲ, ಅಷ್ಟು ಹೊತ್ತು ಹಿಡೀತಿತ್ತು. ಇವತ್ತು ಬರಲ್ಲ ಅಂದ್ಕೊಂಡು ನಾನು ಎದ್ದು ಹೊರಟ ಮೇಲೆ ಬರ್ತಿತ್ತು. ನಿನ್ನದು ಬೇಗ ಬಂದುಬಿಡುತ್ತೆ. ಮೊದಲನೇ ದಿನವೇ ತಿಳೀತು. ನನಗೆ ತಿಳಿದಿದೆ ಅಂತ ನಿನಗೆ ಗೊತ್ತಾಗ್ಬಾರ್ದು ಅಂತ ಇವರ ಹತ್ರಾನೂ ಅವರು ಇದಾರೆ ಅಂತಲೇ ಹೇಳಿದ್ದೆ.”

ಸೊಸೆಯ ಕಣ್ಣು ತುಂಬಿತು. “ಮತ್ತೆ ನಾಲ್ಕು ತಿಂಗಳು ಯಾಕೆ ಕುಟ್ಟಿದ್ರಿ? ಆ ಕಾಲಲ್ಲಿ ಇಷ್ಟು ಮೆಟ್ಟಿಲು ಹತ್ಕೊಂಡು?”

“ನೀನು ಕಾಯ್ತಿರ್ತೀಯಲ್ಲ,” ಎಂದರು ಮೇಡಂ.

ಇಸ್ತ್ರಿಯವನು ಯಾರದೋ ಇಸ್ತ್ರಿಯಾದ ಕರವಸ್ತ್ರದಲ್ಲೇ ಮೂಗು ಒರೆಸಿಕೊಂಡ. ಭಾವ ಮಾತ್ರ ಎಲ್ಲರ ಮುಖವನ್ನೂ ನೋಡುತ್ತ, “ಹಾಗಾದ್ರೆ ನಾನು ಮೂರು ದಿನದಿಂದ ಊಟ ಬಿಟ್ಟು ಯಾರಿಂದ ಯಾರ ಗುಟ್ಟನ್ನ ಕಾಪಾಡಿದ್ದು?” ಎಂದು ಗೋಗರೆದರು.

ಕನ್ನಡಕದವರ ಹೆಂಡತಿ ನಗತೊಡಗಿದರು. ಹೆದರಿಕೆ ಇಳಿದ ನಗು. ಕೋಣೆಯೊಳಗೆ ಬಂದು, “ಇಷ್ಟೇನಾ? ಸದ್ಯ,” ಎನ್ನುತ್ತ ಕೊನೆಯ ಟೈಪ್‌ರೈಟರಿನ ಮೇಜಿಗೆ ಒರಗಿದರು. “ಪಾಪ, ಈಗ ನಿಮ್ಮ ಮನೇಲಿ ಯಾರಿದಾರಮ್ಮ?”

“ಯಾರೂ ಇಲ್ಲ. ನಮ್ಮನೆಯವರು ಡ್ಯೂಟಿಗೆ ಹೋಗಿದಾರೆ. ಬೀಗ ಹಾಕ್ಕೊಂಡು ಬಂದೆ,” ಎಂದು ಸೊಸೆ ಬೀಗದ ಕೈ ತೋರಿಸಿದಳು.

ಕೆಳಗೆ ಗಡಿಯಾರ ನಾಲ್ಕು ಹೊಡೆಯಿತು. ಅಭ್ಯಾಸಬಲದಿಂದ ಮೇಡಂ ಕೈ ಗೋಡೆಯ ಕಡೆಗೆ ಹೋಗಿ, ಅರ್ಧದಲ್ಲೇ ನಿಂತಿತು. ಇನ್ನು ಯಾರಿಗೆ ಎಂದು ಅನ್ನಿಸಿರಬೇಕು. ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡರು.

ಗೋಡೆ ಕುಟ್ಟಿತು. ಟಕ್. ಟಕ್. ಟಕ್.

ಸೊಸೆಯ ಕೈಯಲ್ಲಿ ಬೀಗದ ಕೈ ಹಾಗೇ ಇತ್ತು. ಮೇಡಂ ಕೈ ಮಡಿಲಲ್ಲಿತ್ತು. ಭಾವನ ಸುತ್ತಿಗೆ ನನ್ನ ಚೀಲದಲ್ಲಿತ್ತು. ಕೋಣೆಯೊಳಗಿದ್ದ ನಾವು ಆರು ಜನ ಒಬ್ಬರನ್ನೊಬ್ಬರು ಎಣಿಸಿಕೊಂಡೆವು. ಮೋಡದ ಬೆಳಕು ಕೋಣೆಯ ನಡುವೆ ನಿಂತೇ ಇತ್ತು. ಬಹಳ ಹೊತ್ತಾಯಿತು. ಮುಗಿಯಿತು ಅಂದುಕೊಂಡು ನಾನು ಉಸಿರು ಬಿಟ್ಟೆ. ಕನ್ನಡಕದವರು ಏನೋ ಹೇಳಲು ಬಾಯಿ ತೆರೆದರು. ಮೇಡಂ ಮಾತ್ರ ತುಟಿಯ ಮೇಲೆ ಬೆರಳಿಟ್ಟರು.

ಟಕ್.

ಕನ್ನಡಕದವರ ಹೆಂಡತಿ ಟೈಪ್‌ರೈಟರಿನ ಮೇಲೇ ಕುಸಿದು ಕೂತರು. ಅದು ‘ಟಿಂಗ್’ ಎಂದಿತು. ಮೆಟ್ಟಿಲಲ್ಲಿ ಇಸ್ತ್ರಿಯವನು ಉರುಳಿದ ಸದ್ದು ಕೇಳಿಸಿತು, ಪೂರ್ತಿ ಹದಿನಾಲ್ಕು.

ಮೇಡಂ ಕೋಲು ಊರಿ ಎದ್ದರು. ಗೋಡೆಯ ಹತ್ತಿರ ಹೋಗಿ ಅದರ ಮೇಲೆ ಅಂಗೈಯಿಟ್ಟರು. ಕುಟ್ಟಲಿಲ್ಲ. “ಹೋಗಿ ಬರ್ತೀನಿ,” ಎಂದರು, ಎದುರಿಗೆ ಕೂತವರಿಗೆ ಹೇಳುವ ಹಾಗೆ. ಸೊಸೆ ಅವರ ಭುಜಕ್ಕೆ ಮುಖವಿಟ್ಟು ಅತ್ತಳು.

ಭಾವ ನನ್ನ ಕಡೆ ತಿರುಗಿದರು. “ರಿಪೋರ್ಟು ತೆಗಿ. ಹನ್ನೊಂದನೇ ಕಾಲಮ್ಮು.”

“ಎಂದಿನ ಹಾಗೆ ‘ಇಲ್ಲ’ ಅಂತ ಬರೆದಾಗಿದೆ ಭಾವ.”

“ಹೊಡೆದು ಹಾಕು. ‘ಇದೆ’ ಅಂತ ಬರಿ.”

“ಏನಿದೆ ಅಂತ?”

“ಅದು ನಮ್ಮದಲ್ಲ. ‘ಇದೆ’ ಅಂತ ಮಾತ್ರ ಬರಿ,” ಎಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಕೆಳಗೆ ಸಹಿ ಹಾಕಿ, ಗಿರಾಕಿಗೆ ಕೊಟ್ಟರು. ಸಹಿ ನೆಟ್ಟಗಿತ್ತು.

ಕನ್ನಡಕದವರು ಅದನ್ನು ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು. ಆಮೇಲೆ ಹೆಂಡತಿಗೆ ಕೊಟ್ಟರು. ಆಕೆ ಟೈಪ್‌ರೈಟರಿನ ಮೇಲಿಂದ ಏಳದೆಯೇ ಓದಿ, ಮೇಡಂ ಕಡೆ ನೋಡಿ, ಗೋಡೆಯ ಕಡೆ ನೋಡಿ, ಕಡೆಗೆ ಭಾವನನ್ನು ಸಣ್ಣ ದನಿಯಲ್ಲಿ ಕೇಳಿದರು.

“ನಾವು ಬಂದ್ಮೇಲೆ ನಾಲ್ಕು ಗಂಟೆಗೆ... ನಾವು ಕುಟ್ಟಬೇಕಾ?”

“ಕುಟ್ಟಿ ತಾಯಿ,” ಎಂದರು ಭಾವ. “ಆದ್ರೆ ಮೂರು ಬಂದ ಮೇಲೆ ಅವಸರ ಮಾಡಿ ಎದ್ದು ಹೋಗ್ಬೇಡಿ. ಇನ್ನೊಂದು ಬರೋದಿರುತ್ತೆ.”